ಕನ್ನಡ ಕಲಿತ ಯಂತ್ರ, ಕೆಚ್ಚಲು ಮುಟ್ಟಲಾರದು
ಅಕ್ಕಂದಿರೇ, ಕಾಸರಕೋಡಿನ ಕೊಟ್ಟಿಗೆಯಲ್ಲಿ ನಿಂತು ಮೊಬೈಲಿನ ಚಾಟ್‌ಬಾಟ್‌ಗೆ ಕನ್ನಡದಲ್ಲೇ ಕೇಳಿದರೆ ಈಗ ಉತ್ತರ ಬರುತ್ತದೆ. ಇಂಥವಕ್ಕೆ ಕನ್ನಡ ಕಲಿಸಿದವರಲ್ಲಿ ಹಳ್ಳಿಯವರೂ ಇದ್ದಾರೆ. 2023ರಲ್ಲಿ ಕ್ಷಯರೋಗದ ಮಾಹಿತಿ ನೀಡುವ ಚಾಟ್‌ಬಾಟ್‌ಗಾಗಿ ನಮ್ಮ ರಾಜ್ಯದ ಹಳ್ಳಿಗರು ಕನ್ನಡ ವಾಕ್ಯಗಳನ್ನು ಓದಿ ದನಿ ಕೊಟ್ಟರು. 'ಕಾರ್ಯ' ಸಂಸ್ಥೆಯ ಮೂಲಕ ಅದಕ್ಕೆ ದುಡ್ಡೂ ಸಿಕ್ಕಿತು.

ಆದರೆ ಯಂತ್ರ ಉತ್ತರಿಸುವುದು ತನಗೆ ಕಲಿಸಿದ ಬರಹಗಳಿಂದ. ನಿಮ್ಮ ಹಸುವನ್ನು ಅದು ಕಂಡಿಲ್ಲ. ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಮೇವು, ಕೆಚ್ಚಲು ಬಾವಿನ ಲಕ್ಷಣ ಕೇಳಿ ತಿಳಿಯಿರಿ. ಔಷಧಿಯ ಪ್ರಮಾಣವನ್ನು ಪಶುವೈದ್ಯರೇ ಹೇಳಲಿ. ಕೆಚ್ಚಲು ಬಿಸಿಯಾಗಿ ಊದಿ, ಹಾಲು ಗಟ್ಟಿಗಟ್ಟಿಯಾಗಿ ಬಂದರೆ ತಡಮಾಡದೆ ಪಶುವೈದ್ಯರಿಗೆ, ಇಲ್ಲವೇ 1962ಕ್ಕೆ ಕರೆ ಮಾಡಿ. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳುವ ತನಕ ಡೈರಿಗೆ ಹಾಕಬೇಡಿ.