ಡಾರ್ವಿನ್‌ನ ಪತ್ರ, ಧಾರವಾಡದ ಎಲಿಯಟ್, ಬಸ್ರಾದ ಪಾರಿವಾಳ

ಡಾರ್ವಿನ್ ಅಂದ್ರೆ ನಮಗೆಲ್ಲ ನೆನಪಾಗೋದು ಬೀಗಲ್ ಹಡಗು, ಗ್ಯಾಲಪಾಗೋಸ್ ದ್ವೀಪಗಳು. ಆದರೆ ಆ ಪಯಣ ಮುಗಿದ ಮೇಲೆ ಆತ ಬ್ರಿಟನ್ ಬಿಟ್ಟು ಹೊರಗೆ ಹೋಗಲೇ ಇಲ್ಲ ಅನ್ನಬಹುದು. ಜಗತ್ತಿನ ಮಾಹಿತಿಯೆಲ್ಲ ಮನೆಗೆ ಬರುತ್ತಿದ್ದದ್ದು ಪತ್ರಗಳ ಮೂಲಕ.

1855ರಲ್ಲಿ ಆತ ಪಾರಿವಾಳ ಸಾಕತೊಡಗಿದ. ಇಷ್ಟೊಂದು ಬಗೆಯ ಸಾಕು ಪಾರಿವಾಳಗಳು ಬೇರೆ ಬೇರೆ ಮೂಲದವೋ, ಒಂದೇ ಕಾಡು ಪಾರಿವಾಳದಿಂದ ಬಂದವೋ ಅನ್ನೋದು ಪ್ರಶ್ನೆ. ಇದಕ್ಕೆ ಇಂಗ್ಲೆಂಡಿನ ಹಕ್ಕಿಗಳಷ್ಟೇ ಸಾಲವು. ಹಾಗಾಗಿ 1856ರ ಜನವರಿಯಲ್ಲಿ ಮದ್ರಾಸ್ ಸರ್ಕಾರದ ಅಧಿಕಾರಿ ವಾಲ್ಟರ್ ಎಲಿಯಟ್‌ಗೆ ಪತ್ರ ಬರೆದು, ಭಾರತದ ಪಾರಿವಾಳ, ಕೋಳಿಗಳ ಚರ್ಮ ಕಳಿಸಿಕೊಡುವಂತೆ ಕೇಳಿಕೊಂಡ.

ಈ ಎಲಿಯಟ್ ಕನ್ನಡಿಗರಿಗೆ ಹೊಸಬನಲ್ಲ. 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ಈತನೇ! ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲಿದ್ದು ನೂರಾರು ಶಾಸನಗಳನ್ನು ಸಂಗ್ರಹಿಸಿದ. ಆ ಭಾಗದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ.

ಇತ್ತ ಕುವೈತ್‌ನ ಎದುರು ದಂಡೆಯ ಪರ್ಷಿಯಾದಿಂದ ಬ್ರಿಟಿಷ್ ರಾಯಭಾರಿ ಚಾರ್ಲ್ಸ್ ಮರ್ರೆ ಕೂಡ ಹಕ್ಕಿಗಳನ್ನು ಕಳಿಸಿದ. 1859ರ 'ಜೀವಿಗಳ ಉಗಮ' ಗ್ರಂಥದಲ್ಲಿ ಡಾರ್ವಿನ್ ಇವರಿಬ್ಬರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ್ದಾನೆ.

ಮನೆಯ ಗೂಡಿನಲ್ಲಿ ನಡೆದ ಪ್ರಯೋಗವೂ ಸ್ವಾರಸ್ಯಕರ. ಅಪ್ಪಟ ಬಿಳಿ ತಳಿಯನ್ನೂ ಅಪ್ಪಟ ಕಪ್ಪು ತಳಿಯನ್ನೂ ಕೂಡಿಸಿ ಪಡೆದ ಸಂತತಿಯಲ್ಲಿ, ಮೊಮ್ಮಗು ಹಕ್ಕಿಯೊಂದು ನೀಲಿ ಬಣ್ಣ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆಗಳೊಂದಿಗೆ ಹುಟ್ಟಿತು. ಥೇಟ್ ಕಾಡು ಪಾರಿವಾಳ! ಎಲ್ಲದರ ಮೂಲ ಒಂದೇ ಅನ್ನೋದಕ್ಕೆ ಇದು ಬಲವಾದ ಸಾಕ್ಷಿಯಾಯಿತು.

ಹಾಗಾದರೆ ಒಂದೇ ಮೂಲದ ಜೀವಿಗಳು ದೂರದ ದ್ವೀಪಗಳಿಗೆ ತಲುಪಿದ್ದು ಹೇಗೆ? ಅದೇ ದಿನಗಳಲ್ಲಿ ಆತ ಬೀಜಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿದ. ಸಸ್ಯವಿಜ್ಞಾನಿ ಗೆಳೆಯ ಹೂಕರ್‌ಗೆ ಇದರಲ್ಲಿ ಅನುಮಾನವಿತ್ತು. ಆದರೆ 28 ದಿನಗಳ ನಂತರವೂ 87 ಬಗೆಯ ಬೀಜಗಳಲ್ಲಿ 64 ಮೊಳೆತವು. ಅಂದರೆ ಸಮುದ್ರ ಬರೀ ಗೋಡೆಯಲ್ಲ, ದಾರಿಯೂ ಆಗಬಲ್ಲದು.

1868ರಲ್ಲಿ ಡಾರ್ವಿನ್ ಪ್ರಕಟಿಸಿದ ಪಾರಿವಾಳಗಳ ವಂಶವೃಕ್ಷದಲ್ಲಿ 'ಬಸ್ರಾ' ಹೆಸರಿನ ತಳಿಯೂ ಇದೆ. ಬಸ್ರಾ ಇರೋದು ಕುವೈತ್‌ನ ಗಡಿಯಾಚೆ, ಇಲ್ಲೇ ಹತ್ತಿರ. ತಳಿಯ ಜೊತೆ ಊರಿನ ಹೆಸರು ಉಳಿಯಿತು; ತಲೆಮಾರುಗಟ್ಟಲೆ ಜೋಡಿ ಆರಿಸಿ ಅದನ್ನು ಬೆಳೆಸಿದವರ ಹೆಸರು ಉಳಿಯಲಿಲ್ಲ. ಡಾರ್ವಿನ್ ಬರೆದ ಮತ್ತು ಆತನಿಗೆ ಬಂದ 15,000ಕ್ಕೂ ಹೆಚ್ಚು ಪತ್ರಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಓದುವಾಗ ಆ ಹೆಸರಿಲ್ಲದವರನ್ನೂ ನೆನೆಯೋಣ.