ಬಿಸಿಯನ್ನು ಕಾಯುವ ಫ್ಯೂಸು

ವಿದ್ಯುಚ್ಛಕ್ತಿಯು ಅಡುಗೆಮನೆಗೆ ಬಂದ ಮೇಲೆ ಹೊಗೆಯ ಕಾಟವು ತಪ್ಪಿತು. ಬೆಂಕಿಯ ಭಯವು ಮಾತ್ರ ತಪ್ಪಲಿಲ್ಲ. ಒಲೆಯ ಉರಿಯು ಕಣ್ಣಿಗೆ ಕಾಣುವುದು. ತಂತಿಯ ಬಿಸಿಯು ಕಾಣದು. ಇದನ್ನು ಕಾಯಲು ಮನೆಯಲ್ಲಿ ಇಬ್ಬರು ಕಾವಲುಗಾರರಿರುವರು. ಒಬ್ಬನ ಕೆಲಸವನ್ನು ಇನ್ನೊಬ್ಬನು ಮಾಡಲಾರನೆಂಬುದನ್ನು ಗೃಹಸ್ಥರು ಅವಶ್ಯವಾಗಿ ತಿಳಿದಿರಬೇಕು.

ಮೊದಲನೆಯವನು ಮೀಟರಿನ ಬಳಿಯಲ್ಲಿರುವ ಫ್ಯೂಸು. ತಂತಿಯಲ್ಲಿ ಹರಿಯುವ ಪ್ರವಾಹವು ಇಮ್ಮಡಿಯಾದರೆ ಅದರಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುವುದು. ಪ್ರವಾಹವು ಮಿತಿಮೀರಿದಾಗ ಫ್ಯೂಸಿನ ತೆಳ್ಳನೆಯ ತಂತಿಯು ತಾನೇ ಕರಗಿ ದಾರಿಯನ್ನು ಕಡಿಯುವುದು. ಈಗಿನ ಅನೇಕ ಮನೆಗಳಲ್ಲಿ ಈ ಕಾರ್ಯವನ್ನು ಎಂಸಿಬಿ ಎಂಬ ಸ್ವಿಚ್ಚು ನಡೆಸುವುದು. ಇವೆರಡೂ ಗಮನಿಸುವುದು ಪ್ರವಾಹವನ್ನೇ ಹೊರತು ಉಪಕರಣದ ಬಿಸಿಯನ್ನಲ್ಲ.

ಇದರ ಕೊರತೆಯೇನೆಂಬುದಕ್ಕೆ ಅನ್ನ ಮಾಡುವ ವಿದ್ಯುತ್ ಕುಕ್ಕರನ್ನೇ ನೋಡೋಣ. ಪಾತ್ರೆಯಲ್ಲಿ ನೀರಿರುವವರೆಗೆ ಅದರ ಉಷ್ಣತೆಯು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲುವುದು. ನೀರು ಇಂಗಿದೊಡನೆ ಅದು ಏರತೊಡಗುವುದು. ಆಗ ಕೆಳಗಿನ ಸ್ವಿಚ್ಚು ತಾನಾಗಿ ಬೀಳುವುದು. ಒಂದು ವೇಳೆ ಆ ಸ್ವಿಚ್ಚು ಸಿಕ್ಕಿಕೊಂಡರೆ ಗತಿಯೇನು? 700 ವಾಟಿನ ಕುಕ್ಕರು 230 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಪ್ರವಾಹವನ್ನು ಎಳೆಯುವುದು. ಅನ್ನ ಸೀದು ಕರಿಕಾದರೂ ಆ ಪ್ರವಾಹವು ಹೆಚ್ಚುವುದಿಲ್ಲ. ಆದುದರಿಂದ ಮೀಟರಿನ ಫ್ಯೂಸಿಗೆ ಅಪಾಯದ ಸುಳಿವೇ ಹತ್ತದು.

ಇಲ್ಲಿ ನೆರವಾಗುವವನೇ ಎರಡನೆಯ ಕಾವಲುಗಾರನಾದ ಥರ್ಮಲ್ ಫ್ಯೂಸು. ಇದು ಉಪಕರಣದ ಒಳಗೆ, ಬಿಸಿಯಾಗುವ ಭಾಗಕ್ಕೆ ಅಂಟಿಕೊಂಡಂತೆ ಇರುವ ಚಿಕ್ಕ ಕೊಳವೆ. ಒಂದು ಬಗೆಯಲ್ಲಿ, ಗೊತ್ತಾದ ಉಷ್ಣತೆಯಲ್ಲಿ ಕರಗುವ ಗುಳಿಗೆಯೊಂದು ಸ್ಪ್ರಿಂಗನ್ನು ತಡೆದುಕೊಂಡಿರುವುದು. ಗುಳಿಗೆಯು ಕರಗಿದರೆ ಸ್ಪ್ರಿಂಗು ಸಡಿಲಿ ಸಂಪರ್ಕವು ತಪ್ಪುವುದು. ಇನ್ನೊಂದು ಬಗೆಯಲ್ಲಿ, ಬೇಗ ಕರಗುವ ಮಿಶ್ರಲೋಹವೇ ಪ್ರವಾಹದ ದಾರಿಯಾಗಿರುವುದು. ಒಮ್ಮೆ ಕಡಿದ ಮೇಲೆ, ತಣ್ಣಗಾದರೂ ಇದು ಮತ್ತೆ ಕೂಡಿಕೊಳ್ಳುವುದಿಲ್ಲ.

ಅನರ್ಥಕ್ಕೆ ಎಡೆಯಾಗುವುದು ಇಲ್ಲಿಯೇ. ಕುಕ್ಕರು ಸತ್ತಂತಿರಲು ರಿಪೇರಿಯವನು ಫ್ಯೂಸನ್ನು ಕಿತ್ತು, ಆ ಎಡೆಯಲ್ಲಿ ಬರಿಯ ತಂತಿಯನ್ನು ಕೂಡಿಸಿಕೊಡುವುದುಂಟು. ಕುಕ್ಕರು ಮರಳಿ ಬಿಸಿಯಾಗುವುದು. ಖರ್ಚು ಉಳಿಯಿತೆಂದು ಮನೆಯವರಿಗೆ ಸಂತೋಷವಾಗುವುದು. ಆದರೆ ಮುಂದೊಂದು ದಿನ ಸ್ವಿಚ್ಚು ಸಿಕ್ಕಿಕೊಂಡರೆ ತಡೆಯುವವರು ಯಾರೂ ಇರುವುದಿಲ್ಲ. ತಂತಿಯ ಹೊದಿಕೆಯು ಕರಗಿ ಬೆಂಕಿ ಹತ್ತಬಹುದು.

ಆದಕಾರಣ ರಿಪೇರಿಗೆ ಕೊಡುವಾಗ ಮೂರು ಸಂಗತಿಗಳನ್ನು ಕೇಳಿರಿ. ಫ್ಯೂಸು ಹೋದುದಕ್ಕೆ ಕಾರಣವನ್ನು ಹುಡುಕಿದರೇ? ಹಳೆಯದರ ಮೇಲೆ ನಮೂದಾಗಿದ್ದ ಉಷ್ಣತೆ, ಆಂಪಿಯರ್‌ಗಳೇ ಹೊಸದರಲ್ಲಿಯೂ ಇವೆಯೇ? ಅದನ್ನು ಹಿಂದಿನ ಸ್ಥಳದಲ್ಲಿಯೇ ಕೂಡಿಸಿದರೇ? ಬೆಸುಗೆಯ ಕಾವಿನಿಂದಲೇ ಹೊಸ ಫ್ಯೂಸು ಕರಗಿಹೋಗುವ ಸಂಭವವುಂಟಾದ್ದರಿಂದ, ತಂತಿಗಳನ್ನು ಲೋಹದ ಕೊಳವೆಯಲ್ಲಿ ಅದುಮಿ ಕೂಡಿಸುವುದು ಮೇಲು. ಮನೆಯಲ್ಲಿ ತಾವೇ ಬಿಚ್ಚಿ ನೋಡುವ ಸಾಹಸವು ಬೇಡ.

ಫ್ಯೂಸು ಹೋಯಿತೆಂದರೆ ಉಪಕರಣವು ಕೆಟ್ಟಿತೆಂದು ನಾವು ಬೇಸರಪಡುವೆವು. ನಿಜವಾಗಿ ಅದು ಮನೆಗೆ ಬರಲಿದ್ದ ಕೇಡನ್ನು ತನ್ನ ಮೇಲೆ ತೆಗೆದುಕೊಂಡಿರುವುದು. ಅಂತಹ ಕಾವಲುಗಾರನ ಸ್ಥಾನವನ್ನು ಒಂದು ದಿನವೂ ಬರಿದಾಗಿ ಬಿಡಬಾರದು.