ದಮ್ಮು ಹಿಡಿದಾಗ ಹೊಟ್ಟೆ ಜಗ್ಗಿದರೆ

ಬೀದರ್ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ಬಗದಲ್ ಸುತ್ತಿನ ಹೊಲದ ಬಾವಿಗಳಿಂದ ಹಿಡಿದು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದವರೆಗೆ, ಬೇಸಿಗೆ ಬಂತೆಂದರೆ ಮುಳುಗು ಹಾಕುವ ಹುಡುಗರಿಗೆ ಬರವಿಲ್ಲ. ಯಾರು ಹೆಚ್ಚು ಹೊತ್ತು ದಮ್ಮು ಹಿಡಿಯುತ್ತಾರೆ, ಯಾರು ತಳದ ಕಲ್ಲು ಎತ್ತಿ ತರುತ್ತಾರೆ ಎಂಬ ಪಂತ ಹಳೆಯದು. ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಆಳಕ್ಕಿಳಿಯುವ ಫ್ರೀಡೈವಿಂಗ್ ವಿಡಿಯೊಗಳು ಈಗ ಆ ಪಂತಕ್ಕೆ ಹೊಸ ಹುರುಪು ಕೊಟ್ಟಿವೆ. ದಮ್ಮು ಹಿಡಿದ ಸ್ವಲ್ಪ ಹೊತ್ತಿಗೆ ಎದೆಗೂಡಿನ ಕೆಳಗೆ ಹೊಟ್ಟೆ ತಾನಾಗಿ ಜಗ್ಗತೊಡಗುತ್ತದೆ. ಈ ಜಗ್ಗಿನ ಬಗ್ಗೆ ನಾವು ಕೇಳಿ ನಂಬಿದ ಮಾತುಗಳಲ್ಲಿ ಕೆಲವು ನಿರುಪದ್ರವಿ, ಕೆಲವು ಜೀವ ತೆಗೆಯುವಂಥವು.

ತಪ್ಪು ಕಲ್ಪನೆ 1: ಹೊಟ್ಟೆ ಜಗ್ಗಿತೆಂದರೆ ದೇಹದಲ್ಲಿ ಆಮ್ಲಜನಕ ಮುಗಿಯಿತು.

ವಾಸ್ತವ: ಮುಗಿದಿಲ್ಲ. ಜಗ್ಗಿಸುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅದರ ಮಟ್ಟ ಏರಿದ್ದನ್ನು ಮಿದುಳಿನ ಕಾಂಡ ಗುರುತಿಸಿ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಗೆ ಉಸಿರೆಳೆಯಲು ಅಪ್ಪಣೆ ಕೊಡುತ್ತದೆ. ನಾವು ಗಂಟಲು ಮುಚ್ಚಿಕೊಂಡಿರುವುದರಿಂದ ವಪೆ ಎಳೆದರೂ ಗಾಳಿ ಬರುವುದಿಲ್ಲ, ಹೊಟ್ಟೆ ಮಾತ್ರ ಜಗ್ಗುತ್ತದೆ. ಶುದ್ಧ ಆಮ್ಲಜನಕ ಉಸಿರಾಡಿ ದಮ್ಮು ಹಿಡಿದವರಿಗೂ, ತಡವಾಗಿಯಾದರೂ, ಜಗ್ಗು ಬಂದೇ ಬರುತ್ತದೆ. ಅವರ ರಕ್ತದಲ್ಲಿ ಆಮ್ಲಜನಕಕ್ಕೇನೂ ಕೊರತೆಯಿರುವುದಿಲ್ಲ.

ತಪ್ಪು ಕಲ್ಪನೆ 2: ಇದು ಬಿಕ್ಕಳಿಕೆಯ ಜಾತಿ, ಹೆಚ್ಚಾದರೆ ವಪೆ ಹರಿದೇ ಹೋಗುತ್ತದೆ.

ವಾಸ್ತವ: ಎರಡರಲ್ಲೂ ಕೆಲಸ ಮಾಡುವುದು ವಪೆಯೇ ಆದ್ದರಿಂದ ಈ ಗೊಂದಲ ಸಹಜ. ಬಿಕ್ಕಳಿಕೆಯಲ್ಲಿ ಮೊದಲು ವಪೆ ಹಠಾತ್ತನೆ ಕುಗ್ಗುತ್ತದೆ, ಮರುಕ್ಷಣವೇ ಗಂಟಲು ಮುಚ್ಚಿಕೊಂಡು ಸದ್ದಾಗುತ್ತದೆ. ಇಲ್ಲಿ ಗಂಟಲನ್ನು ನಾವೇ ಮೊದಲು ಮುಚ್ಚಿರುತ್ತೇವೆ. ಇಟಲಿಯ ಶರೀರವಿಜ್ಞಾನಿ ಅಗೊಸ್ಟೋನಿ ದಮ್ಮು ಹಿಡಿದವರ ವಪೆಯ ಚಟುವಟಿಕೆಯನ್ನು ಅಳೆದು 1963ರಲ್ಲೇ ಪ್ರಕಟಿಸಿದ್ದರು. ದಿನಕ್ಕೆ ಸುಮಾರು 20 ಸಾವಿರ ಸಲ ದುಡಿಯುವ ಸ್ನಾಯುವಿಗೆ ಹಾಸಿಗೆಯ ಮೇಲೆ ಮಲಗಿ ದಮ್ಮು ಹಿಡಿದಾಗಿನ ಹತ್ತಾರು ಜಗ್ಗುಗಳು ಭಾರವಲ್ಲ. ಆಳದ ನೀರಿನ ಮಾತೇ ಬೇರೆ. ಅಲ್ಲಿ ಒತ್ತಡಕ್ಕೆ ಶ್ವಾಸಕೋಶ ಮೊದಲೇ ಕುಗ್ಗಿರುತ್ತದೆ, ಬಿರುಸಾದ ಜಗ್ಗಿನಿಂದ ಒಳಗೆ ರಕ್ತ ಒಸರಬಹುದು. ಹೃದಯದ ತೊಂದರೆ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ನೆಲದ ಮೇಲೂ ದಮ್ಮು ಹಿಡಿಯುವ ಅಭ್ಯಾಸಕ್ಕೆ ಕೈಹಾಕಬಾರದು.

ತಪ್ಪು ಕಲ್ಪನೆ 3: ಗಟ್ಟಿಗರಾದವರು ಹಲ್ಲು ಕಚ್ಚಿ, ಹೊಟ್ಟೆ ಬಿಗಿದು ಜಗ್ಗನ್ನು ಅದುಮಬೇಕು.

ವಾಸ್ತವ: ಬಿಗಿದಷ್ಟೂ ನಷ್ಟ ನಮಗೇ. ಬಿಗಿದ ಸ್ನಾಯು ಆಮ್ಲಜನಕ ತಿನ್ನುತ್ತದೆ, ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ. ಜಗ್ಗುವುದು ವಪೆ, ಅದರ ಜೊತೆಗೆ ಭುಜ, ಕುತ್ತಿಗೆ, ದವಡೆಗಳು ಸೇರಬೇಕಾಗಿಲ್ಲ. ಅವುಗಳನ್ನು ಸಡಿಲ ಬಿಟ್ಟು ಜಗ್ಗನ್ನು ಬಂದಂತೆ ಬರಗೊಡುವುದೇ ಕಲಿಕೆ. ಸಂಕಟದಲ್ಲಿ ಒಂದಂಶ ಗಾಳಿಯ ಕೊರತೆಯದಲ್ಲ, ಉಸಿರಾಟದ ಅಲುಗಾಟ ತಡೆದದ್ದರದು. 1954ರಲ್ಲಿ ಅಮೆರಿಕದ ಸಂಶೋಧಕ ಫೌಲರ್ ನಡೆಸಿದ ಪ್ರಯೋಗದಲ್ಲಿ, ಇನ್ನು ತಡೆಯಲಾರೆ ಎಂಬ ಹಂತಕ್ಕೆ ಬಂದವರಿಗೆ ಆಮ್ಲಜನಕ ಕಡಿಮೆಯಿದ್ದ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ಗಾಳಿಯನ್ನೇ ಕೆಲವು ಉಸಿರು ಕೊಡಲಾಯಿತು. ರಕ್ತದ ಸ್ಥಿತಿ ಸುಧಾರಿಸದಿದ್ದರೂ ಅವರಿಗೆ ಹಾಯೆನಿಸಿತು, ಮತ್ತೆ ದಮ್ಮು ಹಿಡಿದರು.

ಅಭ್ಯಾಸಕ್ಕೆ ನೆಲವೇ ಸರಿ. ಅಂಗಾತ ಮಲಗಿ, ನಮ್ಮ ಗರಿಷ್ಠ ಹೊತ್ತಿನ ಅರ್ಧದಷ್ಟು ಕಾಲ ದಮ್ಮು ಹಿಡಿಯುವುದು, 2 ನಿಮಿಷ ಸಹಜವಾಗಿ ಉಸಿರಾಡುವುದು. ಮುಂದಿನ ಸುತ್ತುಗಳಲ್ಲಿ ದಮ್ಮಿನ ಹೊತ್ತು ಅಷ್ಟೇ ಇರಲಿ, ವಿಶ್ರಾಂತಿಯನ್ನು 15 ಸೆಕೆಂಡಿನಂತೆ ಇಳಿಸುತ್ತ ಬರುವುದು. ಹೀಗೆ ಇಂಗಾಲದ ಡೈಆಕ್ಸೈಡ್ ಏರಿದ ಸ್ಥಿತಿಗೆ ಮನಸ್ಸು ಒಗ್ಗುತ್ತದೆ.

ತಪ್ಪು ಕಲ್ಪನೆ 4: ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ಆಮ್ಲಜನಕ ತುಂಬಿಕೊಳ್ಳುತ್ತದೆ, ಜಗ್ಗೂ ತಡವಾಗುತ್ತದೆ.

ವಾಸ್ತವ: ಜಗ್ಗು ತಡವಾಗುತ್ತದೆ ಎಂಬರ್ಧ ನಿಜ. ಉಳಿದರ್ಧವನ್ನು ನಂಬಿದ ಹಲವರು ನೀರಿನಿಂದ ಮೇಲೆ ಬಂದಿಲ್ಲ. ಆರೋಗ್ಯವಂತರ ರಕ್ತ ಸುಮ್ಮನೆ ಕೂತಾಗಲೇ ಶೇ 95ರಿಂದ 99ರಷ್ಟು ಆಮ್ಲಜನಕ ಹೊತ್ತಿರುತ್ತದೆ. ಅದಕ್ಕಿಂತ ಹೆಚ್ಚು ತುಂಬಲು ಜಾಗವೆಲ್ಲಿದೆ? ಜೋರು ಉಸಿರಾಟದಿಂದ ಹೊರಹೋಗುವುದು ಇಂಗಾಲದ ಡೈಆಕ್ಸೈಡ್. ಅಂದರೆ ನಾವು ಕಾವಲುಗಾರನನ್ನು ಮಲಗಿಸಿ ನೀರಿಗಿಳಿಯುತ್ತೇವೆ. ಜಗ್ಗು ಶುರುವಾಗುವ ಮೊದಲೇ ಆಮ್ಲಜನಕ ತಳ ಮುಟ್ಟಿ ಪ್ರಜ್ಞೆ ತಪ್ಪಬಹುದು. ಅಮೆರಿಕದ ಸಂಶೋಧಕ ಆಲ್ಬರ್ಟ್ ಕ್ರೇಗ್ 1961ರಲ್ಲೇ ಇಂಥ ಪ್ರಕರಣಗಳನ್ನು ದಾಖಲಿಸಿ ಎಚ್ಚರಿಸಿದ್ದರು. ಭಸ್ತ್ರಿಕಾ, ಕಪಾಲಭಾತಿ ಮಾಡಿ ಒಡನೆ ಮುಳುಗುವುದರಲ್ಲೂ ಇದೇ ಅಪಾಯವಿದೆ. ಇಳಿಯುವ ಮೊದಲು ಬೇಕಾದದ್ದು ಶಾಂತವಾದ ಸಹಜ ಉಸಿರಾಟ.

ತಪ್ಪು ಕಲ್ಪನೆ 5: ಕುಂಭಕ ಸಾಧಿಸಿದವರಿಗೆ ನೀರಿನ ಭಯವಿಲ್ಲ.

ವಾಸ್ತವ: ಉಸಿರು ನಿಲ್ಲಿಸಿ ಸಮಾಧಾನದಿಂದಿರುವುದನ್ನು ಕುಂಭಕ ಕಲಿಸುತ್ತದೆ, ಅದು ಉಪಯುಕ್ತವೇ. ಆದರೆ ಚಾಪೆಯ ಮೇಲೆ ಎಚ್ಚರ ತಪ್ಪಿದರೆ ದೇಹ ತಾನಾಗಿ ಉಸಿರೆಳೆದುಕೊಳ್ಳುತ್ತದೆ. ನೀರೊಳಗೆ ಅದೇ ಉಸಿರು ನೀರನ್ನು ಒಳಗೆಳೆಯುತ್ತದೆ. ಆಳದಿಂದ ಏರುವಾಗ ಇನ್ನೊಂದು ಲೆಕ್ಕವಿದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಆದ್ದರಿಂದ ಶ್ವಾಸಕೋಶದಲ್ಲಿ ಉಳಿದ ಅಲ್ಪ ಆಮ್ಲಜನಕವೂ ರಕ್ತಕ್ಕೆ ಸೇರುತ್ತಿರುತ್ತದೆ. ಮೇಲೇರಿದಂತೆ ಆ ಒತ್ತಡ ಅರ್ಧಕ್ಕಿಳಿದು ಆಮ್ಲಜನಕ ದಿಢೀರನೆ ಸಾಲದಾಗುತ್ತದೆ. ಹೀಗಾಗಿ ಎಚ್ಚರ ತಪ್ಪುವುದು ಹೆಚ್ಚಾಗಿ ತಳದಲ್ಲಲ್ಲ, ಮೇಲ್ಮೈ ಸಮೀಪದಲ್ಲಿ. ಕೆಲವೊಮ್ಮೆ ತಲೆ ಹೊರಬಂದ ಮೇಲೂ ತಪ್ಪುತ್ತದೆ.

ತಪ್ಪು ಕಲ್ಪನೆ 6: ವಿಡಿಯೊದವರಂತೆ ಯಾರು ಬೇಕಾದರೂ ಹತ್ತು ನಿಮಿಷ ಹಿಡಿಯಬಹುದು, ಛಲ ಇದ್ದರೆ ಸಾಕು.

ವಾಸ್ತವ: ಸಾಲದು. ಫ್ರಾನ್ಸಿನ ಫ್ರೀಡೈವರ್ ಸ್ಟೆಫಾನ್ ಮಿಫ್ಸುಡ್ 2009ರಲ್ಲಿ 11 ನಿಮಿಷ 35 ಸೆಕೆಂಡು ಹಿಡಿದದ್ದು ಕದಲದೆ ತೇಲಿ, ತೀರ್ಪುಗಾರರ ಕಣ್ಣೆದುರಿಗೆ. ಜಾದೂಗಾರ ಡೇವಿಡ್ ಬ್ಲೇನ್ 2008ರಲ್ಲಿ 17 ನಿಮಿಷ ದಾಟಿದ್ದು ಮೊದಲೇ ಶುದ್ಧ ಆಮ್ಲಜನಕ ಎಳೆದುಕೊಂಡು. ಆಗ್ನೇಯ ಏಷ್ಯಾದ ಬಜಾವು ಮುಳುಗುಗಾರರ ಗುಲ್ಮ ನೆರೆಯ ಜನರದಕ್ಕಿಂತ ಸುಮಾರು ಶೇ 50ರಷ್ಟು ದೊಡ್ಡದೆಂದು 2018ರ ಅಧ್ಯಯನ ಕಂಡಿತು, ಅದರಲ್ಲಿ ಅನುವಂಶೀಯತೆಯ ಪಾಲಿದೆ. ಗುಲ್ಮ ಕುಗ್ಗಿದಾಗ ಹೆಚ್ಚುವರಿ ಕೆಂಪು ರಕ್ತಕಣಗಳು ಹರಿವಿಗೆ ಸೇರುತ್ತವೆ.

ತಪ್ಪು ಕಲ್ಪನೆ 7: ಬಾವಿ ಬಲಿ ಕೇಳುತ್ತದೆ, ಇಲ್ಲದಿದ್ದರೆ ಒಳ್ಳೆ ಈಜುಗಾರ ಸದ್ದಿಲ್ಲದೆ ಹೇಗೆ ಮುಳುಗುತ್ತಾನೆ?

ವಾಸ್ತವ: ಪ್ರಶ್ನೆ ನ್ಯಾಯವಾದದ್ದೇ. ಮುಳುಗುವವರು ಕೂಗುತ್ತಾರೆ, ಕೈಕಾಲು ಬಡಿಯುತ್ತಾರೆ ಎಂದು ನಾವೆಲ್ಲ ಎಣಿಸಿದ್ದೆವು. ಆಮ್ಲಜನಕದ ಕೊರತೆಯಿಂದ ಎಚ್ಚರ ತಪ್ಪಿದವನು ಕೂಗುವುದಿಲ್ಲ, ಒದ್ದಾಡುವುದಿಲ್ಲ, ನೀರಲ್ಲಿ ಗುಳ್ಳೆಯೂ ಏಳದಿರಬಹುದು. ದಂಡೆಯವರು ಅವನಿನ್ನೂ ಪಂತ ಗೆಲ್ಲುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಬಲಿ ಕೇಳಿದ್ದು ಬಾವಿಯಲ್ಲ, ಪಂತ.

ಆದರೂ ಬಾವಿಗೆ ಒಬ್ಬನೇ ಹೋಗಬೇಡ ಎಂಬ ಹಿರಿಯರ ಮಾತನ್ನು ಬಿಡಬೇಕಾಗಿಲ್ಲ, ಕಾರಣ ಬದಲಿಸಿಕೊಂಡರಾಯಿತು. ಒಬ್ಬ ಮುಳುಗಿದಾಗ ಈಜು ಬಲ್ಲ ಇನ್ನೊಬ್ಬ ಮುಳುಗದೆ ಅವನನ್ನೇ ನೋಡುತ್ತಿರಬೇಕು, ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳ ಅಂಚು ಜಾರುವುದರಿಂದ ಅಲ್ಲಿ ಈ ಆಟವೇ ಬೇಡ. ಯಾರಾದರೂ ಎಚ್ಚರ ತಪ್ಪಿದರೆ ಮೇಲೆತ್ತಿ, ಹೊಟ್ಟೆ ಒತ್ತಿ ನೀರು ಕಕ್ಕಿಸುವುದರಲ್ಲಿ ಹೊತ್ತು ಕಳೆಯದೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಉಸಿರಾಟ ಮರಳದಿದ್ದರೆ ಎದೆ ಒತ್ತಲು ಶುರುಮಾಡಿ. ಜೊತೆಗಿದ್ದವರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ.